ಜಿರಲೆ ಚೀಟಿ ತಿಂದ ಶೀಶೆ

ಆಗ ನಾನು ಶಿವಮೊಗ್ಗದಿಂದ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗಿ ಬರುತ್ತಿದ್ದೆ. ಅಲ್ಲಿನ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ನನ್ನನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಹದಿನೈದು ದಿನ ಉಳಿದಿದ್ದಾಗ ಮುಖ್ಯ ರಸಾಯನಜ್ಞರು ನನ್ನ ಮೇಜಿನ ಮೇಲೆ ಒಂದು ಶೀಶೆ ಇಟ್ಟರು. ಜಿರಲೆಗಳು ಅದರ ಚೀಟಿಯನ್ನು ಅಂಟಿನ ಸಮೇತ ತಿಂದಿದ್ದವು. ಒಳಗೆ ಬಿಳಿಯ ಹರಳು.

"ಗ್ರಿನ್ಯಾರ್ ಕ್ರಿಯೆ ಮಾಡಿ ಇದೇನು ಅಂತ ಹೇಳಮ್ಮ. ಈಥರ್ ಮೂರು ಸಲಕ್ಕಾಗೋಷ್ಟೇ ಇದೆ. ಹೇಳಿದ್ರೆ ಕೆಲಸ ಖಾಯಂ."

ಒಣ ಈಥರಿನಲ್ಲಿ ಮೆಗ್ನೀಸಿಯಂ ಚೂರಿಗೆ ಬ್ರೋಮೋಬೆಂಜೀನ್ ಬಿಡಬೇಕು. ಅದು ತಾನಾಗಿ ಕುದಿಯತೊಡಗಿದ ಮೇಲೆ ಗುರುತಿಲ್ಲದ ವಸ್ತುವನ್ನು ಸೇರಿಸಬೇಕು. ಕೊನೆಗೆ ಸಿಕ್ಕಿದ್ದು ಎಷ್ಟು ಡಿಗ್ರಿಗೆ ಕರಗುತ್ತದೆಂದು ನೋಡಿ, ಮೂಲ ಯಾವುದಿತ್ತೆಂದು ಹಿಂದಕ್ಕೆ ಹೋಗಿ ಹೇಳಬೇಕು. ಆರಂಭದಲ್ಲಿ ಒಂದು ಹನಿ ನೀರು ಬಿದ್ದರೂ ಕೆಲಸ ಕೆಡುತ್ತದೆ.

ಶುಕ್ರವಾರ ಕುದಿಯಲಿಲ್ಲ. ಪಾತ್ರೆಗಳನ್ನೆಲ್ಲ ಮತ್ತೆ ಒಣಗಿಸಿದೆ. ಮಂಗಳವಾರವೂ ಕುದಿಯಲಿಲ್ಲ. ಸಂಜೆ ರೈಲಿನಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತು ಪ್ರಯೋಗದ ಟಿಪ್ಪಣಿ ಪುಸ್ತಕ ತೆರೆದೆ. ಆ ಎರಡು ದಿನಗಳ ಪುಟದಲ್ಲಿ ಮಾತ್ರ ನೀರಿನ ಹನಿ ಬಿದ್ದು ಶಾಯಿ ದುಂಡಗೆ ಹರಡಿತ್ತು. ಎರಡೂ ದಿನ ಅಮ್ಮ ತಲೆಗೆ ನೀರು ಹಾಕಿದ್ದಳು. ರೈಲಿನ ಅವಸರದಲ್ಲಿ ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ ಓಡಿದ್ದೆ.

ಉಳಿದ ಈಥರಿಗೆ, ತೇವ ಹೀರಲೆಂದು, ಸೋಡಿಯಂ ತಂತಿ ಹಾಕಿ ಎರಡು ದಿನ ಬಿಟ್ಟೆ. ಅಷ್ಟರಲ್ಲಿ ಮತ್ತೆ ಶುಕ್ರವಾರ.

"ಇವತ್ತು ತಲೆಗೆ ಬೇಡಮ್ಮ."

"ಯಾಕೆ, ಹೊರಗಾಗಿದ್ದೀಯಾ? ಹಾಗಿದ್ರೆ ರೈಲೂ ಬೇಡ, ಏನೂ ಬೇಡ. ಮೂಲೇಲಿ ಕೂತ್ಕೋ."

ತಲೆಗೆ ನೀರು ಹಾಕಿಸಿಕೊಂಡೆ. ಅಪ್ಪನ ಟವೆಲನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಪ್ರಯೋಗಶಾಲೆಯಲ್ಲಿ ಕೂದಲು ಕಾಣದಂತೆ ತಲೆಗೆ ಬಿಗಿದೆ. ಮುದಿ ಅಟೆಂಡರ್ ನಿಂತು ನೋಡಿದ.

"ಇದೇನಮ್ಮಾ, ಬಾಣಂತಿ ಥರ ಕಟ್ಕೊಂಡಿದ್ದೀರ! ಕೆಂಡ ಸಾಂಬ್ರಾಣಿ ತರ್ಲಾ?"

"ತನ್ನಿ. ಈಥರ್ ಹತ್ಕೊಂಡ್ರೆ ಇಬ್ರೂ ಒಟ್ಟಿಗೆ ಹೋಗ್ತೀವಿ."

ಅವನು ನಗುತ್ತಾ ಹೋದ. ಈಥರಿನಲ್ಲಿ ಮೆಗ್ನೀಸಿಯಂ ಹಾಕಿ ಬ್ರೋಮೋಬೆಂಜೀನ್ ಬಿಟ್ಟೆ. ಕ್ರಿಯೆ ಶುರುವಾಗಲೆಂದು ಅಯೋಡಿನ್ನಿನ ಒಂದು ಹರಳು ಹಾಕಿದೆ. ಕಂದು ಬಣ್ಣ ಮಾಸಿತು, ದ್ರವ ಮಬ್ಬಾಯಿತು. ಮೆಗ್ನೀಸಿಯಂ ಸುತ್ತ ಸಣ್ಣ ಗುಳ್ಳೆ ಎದ್ದು, ಬೆಂಕಿಯಿಲ್ಲದೆ ಈಥರ್ ಕುದಿಯಿತು. ಶೀಶೆಯ ಹರಳನ್ನು ಅದಕ್ಕೆ ಸೇರಿಸಿದೆ.

ಸೋಮವಾರದ ಹೊತ್ತಿಗೆ ಹೊಸ ಹರಳು ಒಣಗಿತ್ತು. ನೂರ ಅರವತ್ತೆರಡು ಡಿಗ್ರಿಗೆ ಕರಗಿತು.

"ಶೀಶೆಯಲ್ಲಿರೋದು ಬೆಂಜೋಫಿನೋನ್" ಎಂದು ಮುಖ್ಯ ರಸಾಯನಜ್ಞರಿಗೆ ಹೇಳಿದೆ.

"ಸರಿ. ಮೊದಲೆರಡು ಸಲ ಯಾಕೆ ಕೆಟ್ಟಿತು? ಅದನ್ನೂ ಬರಿ."

'ತೇವ' ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು; ಆ ಪುಸ್ತಕವನ್ನು ಅಲ್ಲಿನ ಗಂಡಸರೆಲ್ಲ ಓದುತ್ತಿದ್ದರು. ಲೇಖನಿಯನ್ನು ಎರಡು ಸಲ ಕೆಳಗಿಟ್ಟು ಎತ್ತಿಕೊಂಡೆ. 'ನನ್ನ ಒದ್ದೆ ಕೂದಲಿನಿಂದ' ಎಂದು ಸೇರಿಸಿದೆ.

ಅವರು ಓದಿ, ನಗದೆ, ಕೆಳಗೆ ಸಹಿ ಹಾಕಿದರು.

"ಖಾಯಂ ಮಾಡಿ ಅಂತ ಬರೀತೀನಿ. ಮಂಗಳವಾರ, ಶುಕ್ರವಾರ ಹತ್ತಕ್ಕೆ ಬಾಮ್ಮ. ತಲೆ ಒಣಗಿಸ್ಕೊಂಡು."

ಹತ್ತಕ್ಕೆ ತಲುಪುವ ರೈಲೇ ಇರಲಿಲ್ಲ. ಬೆಳಗಿನ ರೈಲಿಗೇ ಬರಬೇಕಿತ್ತು. ನಾಳೆಯ ಮಂಗಳವಾರಕ್ಕೆಂದು ಟವೆಲನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟೆ.