ಬಾವಿಯಲ್ಲಿ ಎಷ್ಟು ಲೀಟರ್ ನೀರು

ಹೊಸನಗರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಬಸ್ ನಿಲ್ದಾಣದ ಹಿಂದಿನ ಬೀದಿಯ ಒಂದು ಮನೆಯಲ್ಲಿ ಬಾಡಿಗೆಗಿದ್ದೆ. ಹಿತ್ತಿಲಿನ ಬಾವಿಯ ನೀರೇ ನಮ್ಮದೂ ಸೇರಿ ಅಕ್ಕಪಕ್ಕದ ಮೂರು ಮನೆಗಳಿಗೂ ಆಧಾರ. ಮನೆಯ ಒಡತಿ ಅರವತ್ತು ದಾಟಿದ ಹೆಂಗಸು. ಮಗ ಬಸ್ ಕಂಡಕ್ಟರ್, ಸೊಸೆ ಬಸುರಿ.

ಒಂದು ಮಳೆಗಾಲದಲ್ಲಿ ಸೊಸೆಯ ಕಣ್ಣು ಹಳದಿಯಾಯಿತು. ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಮಗ ಅಲ್ಲೇ ಉಳಿದ. ಪಕ್ಕದ ಮನೆಯಲ್ಲೂ ಒಬ್ಬರಿಗೆ ಕಾಮಾಲೆ ಎಂದು ಗೊತ್ತಾದ ಮೇಲೆ ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪೌಡರಿನ ಪೊಟ್ಟಣ ಹಿಡಿದು ಬಂದರು. ಒಡತಿ ಬಾವಿಕಟ್ಟೆಗೆ ಅಡ್ಡ ನಿಂತರು.

"ಹೋದ ವರ್ಷ ಹಾಕಿದ್ರಲ್ಲ, ಒಂದು ವಾರ ನೀರು ಬಾಯಿಗಿಡೋಕಾಗ್ಲಿಲ್ಲ. ಎಲ್ರೂ ಹಳ್ಳದ ನೀರು ತಂದು ಕುಡಿದ್ವಿ. ಈ ಸಲ ಬೇಡ."

ಅದು ನಿಜ. ಆಗ ಯಾರೋ ಬಂದು ಇಡೀ ಪೊಟ್ಟಣ ಸುರಿದು ಹೋಗಿದ್ದರು. ಎಷ್ಟು ಹಾಕಬೇಕು ಎಂದು ನಾನು ಆಶಾ ಕಾರ್ಯಕರ್ತೆಯನ್ನು ಕೇಳಿದೆ.

"ಕಾಯಿಲೆ ಬಂದಿರೋ ಕಡೆ ಸಾವಿರ ಲೀಟರಿಗೆ ಐದು ಗ್ರಾಂ ಅಂತ ಹೇಳಿದಾರೆ ಟೀಚರ್. ಬಾವೀಲಿ ಎಷ್ಟು ಲೀಟರ್ ಇದೆ ಅಂತ ಹೇಗೆ ಗೊತ್ತಾಗ್ಬೇಕು?"

ಸಿಲಿಂಡರಿನ ಘನಫಲವನ್ನು ನಾನು ಪ್ರತಿ ವರ್ಷ ಹೇಳಿಕೊಡುತ್ತಿದ್ದೆ. ಆದರೆ ಪುಸ್ತಕದಲ್ಲಿರುವುದನ್ನು ಬಿಟ್ಟು ಬೇರೆ ಸಿಲಿಂಡರನ್ನು ಅಳೆದಿರಲಿಲ್ಲ.

"ಅಳೆದು ನೋಡೋಣ" ಎಂದೆ.

"ಅಳೆದ್ರೆ ಎಂತ ಆಗ್ತದೆ?" ಎಂದರು ಒಡತಿ.

"ಬೇಕಾದಷ್ಟೇ ಹಾಕ್ಬಹುದು ಅಮ್ಮ. ವಾಸನೆ ಅಷ್ಟು ಬರಲ್ಲ."

ನಾನು ಅಳತೆ ಟೇಪು ತಂದಾಗ ಅವರು ಅದರ ಒಂದು ತುದಿ ಹಿಡಿದುಕೊಂಡರು. ಬಾವಿಯ ಅಗಲ ಆರು ಅಡಿ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸಿ, ಮೇಲೆಳೆದು, ಒದ್ದೆಯಾದ ಭಾಗವನ್ನು ಅಳೆದೆವು. ಹದಿನಾಲ್ಕು ಅಡಿ ನೀರಿತ್ತು. ತ್ರಿಜ್ಯ ಮೂರು, ಅದರ ವರ್ಗ ಒಂಬತ್ತು. ಪೈಯಿಂದಲೂ ಆಳದಿಂದಲೂ ಗುಣಿಸಿದರೆ ಸುಮಾರು ಮುನ್ನೂರ ತೊಂಬತ್ತಾರು ಘನ ಅಡಿ. ಒಂದು ಘನ ಅಡಿ ಎಂದರೆ ಇಪ್ಪತ್ತೆಂಟು ಲೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಬಾವಿಯಲ್ಲಿದ್ದದ್ದು ಹನ್ನೊಂದು ಸಾವಿರದ ಇನ್ನೂರು ಲೀಟರ್ ನೀರು. ಅದಕ್ಕೆ ಬೇಕಾದ ಪೌಡರು ಐವತ್ತಾರು ಗ್ರಾಂ. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ತಂದೆ.

ಕಾಗದದ ಮೇಲಿದ್ದ ಪುಡಿಯನ್ನು ಒಡತಿ ನೋಡಿದರು.

"ಇಷ್ಟೇಯಾ?"

"ಇಷ್ಟೇ."

ಅವರು ಪಕ್ಕಕ್ಕೆ ಸರಿದರು. ಆಶಾ ಕಾರ್ಯಕರ್ತೆ ಪೌಡರನ್ನು ಬಕೆಟಿನ ನೀರಿನಲ್ಲಿ ಕಲಸಿ, ಅದರ ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಾವಿಗೆ ಇಳಿಸಿ, ಕೊಡವನ್ನು ಮೇಲೆ ಕೆಳಗೆ ಆಡಿಸಿದರು. ಮರುದಿನ ಬೆಳಿಗ್ಗೆ ಒಡತಿ ನೀರು ಸೇದಿ ಒಂದು ಲೋಟ ಕುಡಿದು, "ಕುಡೀಬಹುದು" ಎಂದಷ್ಟೇ ಹೇಳಿದರು.

ಅಂದು ಸಂಜೆ ಮಗನ ಫೋನ್ ಬಂತು. ಸೊಸೆಗೆ ವಾಂತಿ ನಿಂತಿರಲಿಲ್ಲ. ಒಡತಿ ಫೋನ್ ಇಟ್ಟು ಬಾಗಿಲಲ್ಲಿ ಕೂತರು.

"ಬಸುರಿ ನೀರು ಸೇದಬಾರ್ದು ಅಂತ ದಿನಾ ನಾನೇ ಸೇದಿ ಕೊಡ್ತಿದ್ದೆ" ಎಂದರು.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

ಸೊಸೆ ನಿಧಾನಕ್ಕೆ ಚೇತರಿಸಿಕೊಂಡಳು. ಚಳಿಗಾಲದಲ್ಲಿ ಹೆರಿಗೆಯಾಯಿತು, ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ನಮ್ಮ ಮೂರು ಮನೆಗಳಲ್ಲಿ ಮತ್ತೆ ಯಾರಿಗೂ ಕಾಮಾಲೆ ಬರಲಿಲ್ಲ. ಅದು ಪೌಡರಿನಿಂದಲೇ ಎಂದು ಹೇಳಲಾರೆ, ಎಲ್ಲರೂ ನೀರು ಕುದಿಸಿ ಕುಡಿಯಲು ಶುರುಮಾಡಿದ್ದರು.

ಮುಂದಿನ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಬೀದಿಯ ಬೇರೆ ಬಾವಿಗಳನ್ನೂ ಅಳೆಯಲು ನನ್ನನ್ನು ಕರೆದರು. ಕೆಲವು ಬಾವಿಗಳು ಚೌಕವಾಗಿದ್ದವು, ಲೆಕ್ಕ ಸುಲಭ. ಪೌಡರ್ ಬೇಡವೆಂದು ತಕರಾರು ಮಾಡಿದ ಮನೆಗಳಿಗೆ ಒಡತಿ ಛತ್ರಿ ಹಿಡಿದು ನಮ್ಮ ಜೊತೆ ಬರುತ್ತಿದ್ದರು. ಒಳಗೆ ಹೋಗಿ ಆ ಮನೆಯ ಹೆಂಗಸರ ಜೊತೆ ಕೂತು ಬರುತ್ತಿದ್ದರು, ಮನೆಯವರು ಒಪ್ಪಿದ ಮೇಲೆ ನಾವು ಹಗ್ಗ ಇಳಿಸುತ್ತಿದ್ದೆವು.