ಬೆಂಕಿ ಕೇಳಲು ಕಳಿಸುತ್ತಿದ್ದ ಅತ್ತೆ

ನಮ್ಮ ಅತ್ತೆಯ ಎಡಗಣ್ಣು ನಿದ್ದೆಯಲ್ಲೂ ಪೂರ್ತಿ ಮುಚ್ಚುತ್ತಿರಲಿಲ್ಲ. ಸಣ್ಣವಳಿದ್ದಾಗ ಸಿಡುಬು ಎದ್ದು ರೆಪ್ಪೆ ಸೆಟೆದುಕೊಂಡಿತ್ತಂತೆ. ಮಲಗಿದಾಗ ಗೆರೆಯಷ್ಟು ಬಿಳುಪು ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ, ಆಕೆ ಮಲಗಿದ್ದಾಳೆಂದು ತಿಳಿದು ಡಬ್ಬಿಯಿಂದ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡೆ. "ಇನ್ನೊಂದು ತುಣುಕು ತಗೋ, ಹ್ಯಾಂಗೂ ಕೈ ಅಂಟಾಗ್ಯಾದ," ಎಂದಳು ಮಲಗಿದಲ್ಲಿಂದಲೇ. ಅವತ್ತಿನಿಂದ ಆ ಕಣ್ಣಿನ ಮೇಲೆ ನನಗೆ ನಂಬಿಕೆ ಇರಲಿಲ್ಲ, ಆ ಕಣ್ಣಿಗೆ ನನ್ನ ಮೇಲೆ ಇರಲಿಲ್ಲ.

ನಮ್ಮದು ಗಾಲಿಯ ಮೇಲಿನ ಸಂಸಾರ. ಹರಾಜಿಗೆ ಬಂದ ಹಳೇ ಬಸ್ಸೊಂದನ್ನು ನನ್ನ ಗಂಡ ವಾಡಿಯಲ್ಲಿ ಕೊಂಡು, ಸೀಟು ಕಿತ್ತು, ಹಿಂದಿನ ಅರ್ಧಕ್ಕೆ ಬಾಂಡೆ ಸಾಮಾನು ತುಂಬಿದ. ಕೊಡ, ಚರಗಿ, ಪರಾತ, ಹಂಡೆ. ಮುಂದಿನ ಅರ್ಧದಲ್ಲಿ ನಾವು. ಅವನು, ಅವನ ತಾಯಿ, ನಾನು, ಆಮೇಲೆ ಹುಟ್ಟಿದ ಮಗಳು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಗಾಲಿ ನುಂಗುತ್ತಿತ್ತಾದ್ದರಿಂದ ಶಹಾಬಾದಿನಲ್ಲಿ ಬಾಡಿಗೆ ಕೋಣೆ. ಉಳಿದ ತಿಂಗಳೆಲ್ಲ ಸೇಡಂ, ಚಿತ್ತಾಪುರ, ಚಿಂಚೋಳಿ, ಸಂತೆಯಿಂದ ಸಂತೆಗೆ. ಜನ ಅದನ್ನು "ಮನೀ ಮೋಟಾರ" ಎನ್ನುತ್ತಿದ್ದರು. ಕೆಲವರು ನಗುತ್ತ ಅನ್ನುತ್ತಿದ್ದರು, ಕೆಲವರು ನಗದೆ.

ಮೋಟಾರು ಓಡಿಸುವುದು ಗಂಡನ ಕೆಲಸ. ಸಂಜೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಅತ್ತೆಯದು. ಅವನ ಪಕ್ಕ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿ ಊರೂರನ್ನು ಮೂಸುತ್ತ ಬರುತ್ತಿದ್ದಳು. ಕಾಗಿಣಾ ದಂಡೆಯ ಮರಳು ಬೇಡ, ಹೊಳೆ ಹೇಳಿ ಕೇಳಿ ಬರುವುದಿಲ್ಲ. ಚಾವಡಿಯ ಮುಂದೆ ಬೇಡ, ಅಲ್ಲಿ ಕೆಲಸವಿಲ್ಲದವರೇ ಕೂತಿರುತ್ತಾರೆ. ಎಲ್ಲಿ ನಿಂತರೂ ಮೋಟಾರಿನ ಮೂಗು ದಾರಿಯ ಕಡೆಗೇ ಇರಬೇಕು. ಒಮ್ಮೆ ಸೇಡಂ ಹತ್ತಿರ ಒಳ್ಳೆಯ ನೆರಳು, ಒಳ್ಳೆಯ ಬಾವಿ ಇದ್ದ ಜಾಗ ಬಿಟ್ಟು ಹೊರಟೆವು, ಅಲ್ಲಿಯ ನಾಯಿ ನಮ್ಮನ್ನು ನೋಡಿ ಬೊಗಳಲಿಲ್ಲವೆಂದು.

"ನಾಯಿ ಬೊಗಳಲ್ಲಂದ್ರ ಆ ಊರಿಗೆ ದಿನಾ ಯಾರೋ ಹೊರಗಿನವರು ಬರ್ತಾರ. ಯಾಕ ಬರ್ತಾರ?" ಎಂದಳು.

"ಬಾವಿ ನೀರು ಛಲೋ ಅದ ಅಂತ ಬರ್ತಾರ," ಎಂದೆ ನಾನು.

"ನೀ ಸುಮ್ಮ ಕುಂದ್ರು. ನಿನಗ ಬೆಲ್ಲ ಎಲ್ಲದ ಅಷ್ಟ ಗೊತ್ತಾಗ್ತದ."

ನಾಯಿಯ ಪರೀಕ್ಷೆ ದಾಟಿದ ಮೇಲೆ ಬೆಂಕಿಯ ಪರೀಕ್ಷೆ. ಆಕೆಯ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಕಡ್ಡಿಪೆಟ್ಟಿಗೆ ಸದಾ ಇರುತ್ತಿತ್ತು. ಆದರೂ ನನ್ನ ಕೈಗೆ ಒಡೆದ ಮಡಕೆಯ ಬೋಕಿ ಕೊಟ್ಟು, ಹತ್ತಿರದ ಮನೆಗೆ ಹೋಗಿ ಒಲೆಗೆ ಕೆಂಡ ಕೇಳಿ ಬಾ ಎನ್ನುತ್ತಿದ್ದಳು. ಬಂದ ಮೇಲೆ ಕೊಟ್ಟರೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ. "ಏನ ಕೇಳಿದರು?" ಎನ್ನುತ್ತಿದ್ದಳು. ಯಾರ ಪೈಕಿ, ಯಾವ ಊರು, ಗಂಡ ಏನು ಮಾಡುತ್ತಾನೆ, ಗಂಡು ಮಗ ಯಾಕಿಲ್ಲ ಎಂದೆಲ್ಲ ಆ ಮನೆಯವರು ತಲೆ ತಿಂದಿದ್ದರೆ ಅತ್ತೆಯ ಮುಖ ಸಡಿಲಾಗುತ್ತಿತ್ತು. "ಇಳಿಸು ಒಲಿ." ಏನೂ ಕೇಳದೆ ಕೆಂಡ ಕೊಟ್ಟಿದ್ದರೆ ಮಗನಿಗೆ, "ತಮ್ಮಾ, ಗಾಡಿ ಚಾಲೂ ಮಾಡು."

"ಒಂದು ಮನಿಗೆ ಮನೀನೇ ಗಾಲಿ ಮ್ಯಾಲ ಬಂದು ನಿಂತದ. ಅದನ್ನ ನೋಡಿ ಒಂದು ಮಾತು ಕೇಳಲ್ಲಂದ್ರ, ಅವರ ಮನಸ್ನಾಗ ಏನೋ ಅದ," ಎಂಬುದು ಆಕೆಯ ಲೆಕ್ಕ.

ಎಷ್ಟು ಸಲ ಬೋಕಿಯೊಳಗಿನ ಕೆಂಡ ದಾರಿಯಲ್ಲೇ ಆರಿ ಬೂದಿಯಾಗಿದೆಯೋ! ಹಸಿದ ಹೊಟ್ಟೆಯಲ್ಲಿ ಮತ್ತೆ ಎರಡು ಊರು ದಾಟಿ, ಮತ್ತೆ ಬೋಕಿ ಹಿಡಿದು, ಮತ್ತೊಬ್ಬಳ ಬಾಗಿಲಲ್ಲಿ ನಿಲ್ಲಬೇಕಿತ್ತು. ನನಗೆ ಸಾಕುಸಾಕಾಗಿತ್ತು.

ಚಂದ್ರಂಪಳ್ಳಿಯಲ್ಲಿ ಡ್ಯಾಮಿನ ಕೆಲಸ ನಡೆದಿದ್ದ ಕಾಲ. ಚಿಮ್ಮನಚೋಡ ದಾಟಿ ಆ ಕಡೆಯ ಒಂದು ಸಣ್ಣ ಹಳ್ಳಿಯ ಅಂಚಿಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ನಾಲ್ಕು ವರ್ಷದ ಮಗಳಿಗೆ ಮಧ್ಯಾಹ್ನದಿಂದ ಜ್ವರ. ಅತ್ತೆ ಬೋಕಿ ಕೊಟ್ಟಳು. ನಾನು ಹೋಗಿ ಕೇಳಿದ ಮನೆಯ ಹೆಂಗಸು ನನ್ನನ್ನು ನೋಡಿದಳು, ಮೋಟಾರನ್ನು ನೋಡಿದಳು, ಒಳಗೆ ಹೋಗಿ ಬೋಕಿ ತುಂಬ ಕೆಂಡ ತಂದು ಹೊಸ್ತಿಲ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಒಂದೇ ಒಂದು ಮಾತಾಡಲಿಲ್ಲ.

ಮುಂದಿನ ಊರು ದೂರವಿತ್ತು. ಕೂಸಿಗೆ ಗಂಜಿ ಬೇಕಿತ್ತು. ನಾನು ಸುಳ್ಳು ಹೇಳಿದೆ.

"ಏನ ಕೇಳಿದರು?"

"ಎಲ್ಲಾ ಕೇಳಿದರು ಅತ್ತಿ. ಯಾವ ಊರು ಅಂದರು, ಎಷ್ಟು ಮಕ್ಕಳು ಅಂದರು."

ಅತ್ತೆ ನನ್ನನ್ನು ನೋಡಿದಳು. ಕೌದಿಯಲ್ಲಿ ಸುತ್ತಿದ್ದ ಮಗಳನ್ನು ನೋಡಿದಳು. "ಇಳಿಸು ಒಲಿ," ಎಂದಳು.

ಗಂಜಿ ಇನ್ನೂ ಕುದಿ ಬಂದಿರಲಿಲ್ಲ, ಹತ್ತು ಹನ್ನೆರಡು ಗಂಡಸರು ಬಡಿಗೆ ಹಿಡಿದು ಬಂದರು. ಹಿಂದೆ ಹೆಂಗಸರು. ಮಗುವನ್ನು ಬಲಿ ಕೊಡದೆ ಡ್ಯಾಮಿನ ಗೋಡೆ ನಿಲ್ಲುವುದಿಲ್ಲವೆಂದೂ, ಮುಚ್ಚಿದ ಮೋಟಾರಿನಲ್ಲಿ ಮಕ್ಕಳನ್ನು ಹಿಡಿಯುವವರು ಓಡಾಡುತ್ತಿದ್ದಾರೆಂದೂ ಆ ಸೀಮೆಯಲ್ಲಿ ಸುದ್ದಿ ಹಬ್ಬಿತ್ತು. ನಮಗೆ ಅದರ ಸುಳಿವೂ ಇರಲಿಲ್ಲ. ಅದೇ ಹೊತ್ತಿಗೆ ಒಳಗಿದ್ದ ಮಗಳು ಅತ್ತಳು.

"ಯಾರದದು ಕೂಸು?"

"ನಂದು," ಎಂದೆ.

"ನಿಂದಿದ್ರ ಕರಿ ನೋಡಾಮು."

ಕರೆದೆ. ಜ್ವರದ ಅಮಲಿನಲ್ಲಿದ್ದ ಕೂಸು ನನ್ನತ್ತ ತಿರುಗಲಿಲ್ಲ. "ಆಯಿ, ಆಯಿ" ಎಂದು ಅಜ್ಜಿಯನ್ನೇ ಕರೆಯಿತು. "ನೋಡ್ರಿ, ಅವ್ವಾ ಅನ್ನವಲ್ದು!" ಎಂದು ಹೆಂಗಸೊಬ್ಬಳು ಕೂಗಿದಳು. ಒಬ್ಬ ಮೆಟ್ಟಿಲ ಮೇಲೆ ಕಾಲಿಟ್ಟು ಕೌದಿಗೆ ಕೈ ಹಾಕಿದ. ಬೆಳಿಗ್ಗೆ ಪೊಲೀಸ್ ಗೌಡರು ಊರಿಗೆ ಬಂದು ವಿಚಾರಿಸುತ್ತಾರೆ, ಅಲ್ಲಿಯವರೆಗೆ ಕೂಸು ತಮ್ಮ ಹತ್ತಿರ ಇರಲಿ ಎಂಬುದು ಅವರ ಹಟ. ನನ್ನ ಗಂಡ ಜಾಕಿನ ರಾಡು ಕೈಗೆ ತೆಗೆದುಕೊಂಡ. ನಾನು ಕೌದಿಯ ಈ ತುದಿ ಹಿಡಿದಿದ್ದೆ, ಮೆಟ್ಟಿಲ ಮೇಲಿದ್ದವನು ಆ ತುದಿ. ಕೂಸು ನಡುವೆ.

ಅತ್ತೆ ಕೆಳಗಿಳಿದಳು. "ತಮ್ಮಾ, ಅದನ್ನ ಕೆಳಗ ಇಡು," ಎಂದು ಮಗನಿಗೆ ಹೇಳಿ ಜನರ ಕಡೆ ತಿರುಗಿದಳು.

"ಬಡಗಿ ಹಿಡಕೊಂಡು ಬಂದೀರಿ, ಬಾಯಿ ಮನ್ಯಾಗ ಬಿಟ್ಟು ಬಂದೀರೇನು? ಯಾವ ಊರು, ಯಾರ ಪೈಕಿ, ಕೇಳ್ರಲ್ಲ! ಕೂಸಿಗೆ ಜ್ವರ ಬಂದದ, ಅವ್ವನ ಹತ್ರ ಇರಲಿ. ಮುಂಜಾನಿ ತನಕ ನನ್ನ ಇಟ್ಕೊಳ್ರಿ. ನಿಮ್ಮ ಕಟ್ಟಿ ಮ್ಯಾಲ ಕುಂದ್ರತೀನಿ."

"ಅತ್ತಿನ ಬಿಟ್ಟು ಸೊಸಿ ಓಡಿ ಹೋದರ?" ಎಂದ ಒಬ್ಬ ಮುದುಕ.

"ಹೋಗ್ತಾಳ, ನಂಗೂ ಸಂಶೇ ಅದ. ಅದಕ್ಕ ಮೋಟಾರಿನ ಚಾವಿ ನಾನೇ ಇಟ್ಕೊಂಡೀನಿ," ಎಂದು ಸಂಚಿ ಎತ್ತಿ ತೋರಿಸಿದಳು. ಯಾವಾಗ ಕಿತ್ತು ಹಾಕಿಕೊಂಡಿದ್ದಳೋ. ಯಾರೋ ನಕ್ಕರು. ಕೌದಿ ಹಿಡಿದವನ ಕೈ ಸಡಿಲಾಯಿತು.

ದಾರಿಯ ಮೇಲಿದ್ದಾಗ ಮೋಟಾರಿನ ಹೊರಗೆ ಎಂದೂ ಮಲಗದವಳು, ಯಾರ ಮನೆಯ ನೀರನ್ನೂ ಮೂಸದೆ ಕುಡಿಯದವಳು, ಗೊತ್ತಿಲ್ಲದವರ ಕಟ್ಟೆಯ ಮೇಲೆ ಬೆಳಗಿನವರೆಗೆ ಕೂತಳು. ಅವರು ಕೊಟ್ಟ ನೀರನ್ನು ಮುಟ್ಟಲಿಲ್ಲವಂತೆ.

ಬೆಳಿಗ್ಗೆ ಪೊಲೀಸ್ ಗೌಡರು ಬಂದು ಮೋಟಾರು ನೋಡಿದವರೇ ಸಿಟ್ಟಾದರು. "ಏ ಹುಚ್ಚ ಮಂದೀ, ಇವರು ಹಂಡೆ ಮಾರೋರು! ಚಿಂಚೋಳಿ ಸಂತ್ಯಾಗ ಇವರ ಹತ್ರ ತಗೊಂಡ ಹಂಡೆ ಒಂದೇ ತಿಂಗಳಿಗೆ ಸೋರಾಕತ್ಯಾದ!" ಸೋರುವ ಹಂಡೆ ನಮ್ಮನ್ನು ಉಳಿಸಿತು. ಗಂಡ ಅವರಿಗೆ ಬೇರೆ ಹಂಡೆ ತೆಗೆದುಕೊಟ್ಟ.

ಕೆಂಡ ಕೊಟ್ಟ ಹೆಂಗಸು ಹತ್ತಿರ ಬಂದಳು. "ತಪ್ಪ ತಿಳೀಬ್ಯಾಡ ಯವ್ವಾ. ನಿನ್ನ ಮಾತಾಡಿಸಿದ್ರ ನನ್ನ ಮನ್ಯಾಗ ಮಕ್ಕಳು ಅವ ಅಂತ ಗೊತ್ತಾಗ್ತದ ಅಂತ ಅಂಜಿ, ಒಂದು ಮಾತೂ ಕೇಳದೆ ಬಾಗಲಾ ಹಾಕೊಂಡೆ." ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಚಿಮ್ಮನಚೋಡದವರೆಗೂ ಬೈಗುಳಕ್ಕೆ ಕಾದೆ. ಬರಲಿಲ್ಲ. ಕೊನೆಗೆ ತಡೆಯಲಾರದೆ ನಾನೇ, "ಸುಳ್ಳು ಹೇಳಿದ್ದೆ ಅತ್ತಿ," ಎಂದೆ.

"ನಿನ್ನೆನೇ ಗೊತ್ತಾಗಿತ್ತು. ಕಂಕುಳಾಗ ಕೂಸಿಲ್ಲದ ಹೋದ ಹೆಣ್ಣಿಗೆ ಮಕ್ಕಳಾಗ್ಯಾವೇನು ಅಂತ ಕೇಳ್ತಾರ. ಎಷ್ಟು ಅಂತ ಯಾರು ಕೇಳ್ತಾರ?"

"ಮತ್ತ ಯಾಕ ಸುಮ್ಮನಿದ್ದಿ?"

"ಕೂಸಿನ ಮೈ ಸುಡ್ತಿತ್ತಲ್ಲ," ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಇದಾದ ಮೇಲೆ ನಮ್ಮಿಬ್ಬರಲ್ಲಿ ಪ್ರೀತಿ ಉಕ್ಕಿತೆಂದು ನಾನು ಬರೆಯುವುದಿಲ್ಲ. ಆಕೆಯ ಸಂಶಯ ಹೆಚ್ಚೇ ಆಯಿತು. ನಾನು ಬೋಕಿ ಹಿಡಿದು ಹೋದರೆ ಬೇಲಿಯವರೆಗೆ ಹಿಂದೆಯೇ ಬಂದು ನಿಂತು ಮಾತು ಕೇಳಿಸಿಕೊಳ್ಳುತ್ತಿದ್ದಳು. ಆದರೆ ನಾನು ಮತ್ತೆ ಸುಳ್ಳು ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಚಿತ್ತಾಪುರದ ದಾರಿಯಲ್ಲಿ ಕೂತ ಸೀಟಿನಲ್ಲೇ ಹೋದಳು. ಹಗಲು ಹೊತ್ತು. ಗಂಡ ಎಡಗಣ್ಣಿನ ರೆಪ್ಪೆ ಎರಡು ಮೂರು ಸಲ ಒತ್ತಿ ನೋಡಿದ. "ಬಿಡ್ರಿ, ಅದು ಮುಚ್ಚೋದಲ್ಲ," ಎಂದೆ. ಹತ್ತಿರದ ಊರಿನವರು ಸುಡಲು ಜಾಗ ತೋರಿಸಿದರು. ನಮ್ಮವರಲ್ಲಿ ಚಿತೆಗೆ ಮನೆಯ ಒಲೆಯ ಬೆಂಕಿಯೇ ಆಗಬೇಕು. ನಮ್ಮ ಒಲೆ ಬೆಳಗಿನಿಂದ ತಣ್ಣಗಿತ್ತು. ಗಂಡ ಸಂಚಿಯಿಂದ ಕಡ್ಡಿಪೆಟ್ಟಿಗೆ ತೆಗೆದ. ನಾನು ಇಸಿದುಕೊಂಡು ಮತ್ತೆ ಸಂಚಿಗೇ ಹಾಕಿ, ಬೋಕಿ ಹಿಡಿದು ಹೊರಟೆ.

ಮೊದಲ ಮನೆಯ ಮುದುಕಿ ನನ್ನನ್ನು ಅಂಗಳದಲ್ಲೇ ನಿಲ್ಲಿಸಿದಳು. ಯಾವ ಊರು? ಯಾರ ಪೈಕಿ? ಸತ್ತಾಕಿ ನಿನಗ ಏನಾಗಬೇಕು? ಏನಾಗಿತ್ತು? ಸೊಸಿನ್ನ ಛಲೋ ನೋಡ್ಕೋತಿದ್ದಳೇನು? ನಾನು ಒಂದೊಂದಕ್ಕೂ ನಿಂತು ಉತ್ತರ ಕೊಟ್ಟೆ. ಕೊನೆಯದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಹಾಕಿದ ಕೆಂಡ ಬೂದಿಯಾಯಿತೆಂದು ಅವಳು ಮತ್ತೆರಡು ಹಾಕಿದಳು.

ತಿರುಗಿ ಬಂದಾಗ ಗಂಡ, "ಕೊಟ್ಟರೇನು?" ಎಂದ.

ನಾನು ಅವನಿಗಲ್ಲ, ಅರೆ ತೆರೆದ ಆ ಕಣ್ಣಿಗೆ ಹೇಳಿದೆ: "ಎಲ್ಲಾ ಕೇಳಿದರು ಅತ್ತಿ."