ಡಿಜೆ ಪಕ್ಕದಲ್ಲಿ ಸ್ಯಾಕ್ಸೋಫೋನ್

ದೇವಸ್ಥಾನದಲ್ಲಿ ಸ್ಯಾಕ್ಸೋಫೋನ್ ನುಡಿಸುವವನ ಮುಖವನ್ನು ಯಾರೂ ನೋಡುವುದಿಲ್ಲ. ಜನ ದೇವರನ್ನು ನೋಡುತ್ತಿರುತ್ತಾರೆ, ಅದು ಸರಿಯೇ. ಆದರೂ ಬ್ರಹ್ಮಾವರದ ಹತ್ತಿರ ನಮ್ಮೂರ ದೇವಸ್ಥಾನದಲ್ಲಿ ವರ್ಷಗಟ್ಟಲೆ ಊದಿದ ನನಗೆ, ಒಮ್ಮೆಯಾದರೂ ಜನ ನನ್ನನ್ನೇ ನೋಡಲಿ ಎಂಬ ಆಸೆ ಇತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಇತ್ತು. ತೆಕ್ಕಟ್ಟೆಯ ಮನೆಯೊಂದರ ಮೆಹಂದಿಗೆ ಡಿಜೆ ಜೊತೆ ನುಡಿಸಲು ಕರೆದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಮಗಳು ನನಗಿಂತ ಹೆಚ್ಚು ಕುಣಿದಳು. ಮದುಮಗಳು ಅವಳ ಕಾಲೇಜು ಗೆಳತಿಯ ಅಕ್ಕ. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಇವಳು ಮಾತು ಮರೆಸುತ್ತಿದ್ದಳೆಂದು ನನಗೆ ಗೊತ್ತಿತ್ತು. ಈ ಸಲ ಗೆಳತಿಯರನ್ನೆಲ್ಲ ಕಟ್ಟಿಕೊಂಡು, ಮೊಬೈಲ್ ಹಿಡಿದು ಎದುರಿಗೇ ನಿಂತಳು. ಅವಳ ಮುಂದೆ ಮರ್ಯಾದೆ ಹೋಗಬಾರದು, ನನಗೆ ಬೇಕಾಗಿದ್ದುದು ಅಷ್ಟೇ.

ಡಿಜೆ ಹುಡುಗ ವಾದ್ಯದ ಬಾಯಿಗೆ ಸಣ್ಣ ಮೈಕ್ ಸಿಕ್ಕಿಸಿದ. ವಾರವಿಡೀ ಮನೆಯಲ್ಲಿ ಅಭ್ಯಾಸ ಮಾಡಿದ್ದ ಸಿನಿಮಾ ಹಾಡನ್ನು ಶುರು ಮಾಡಿದೆ. ಪಕ್ಕದಲ್ಲೇ ಆಳೆತ್ತರದ ಸ್ಪೀಕರ್. ಅದರ ಗುದ್ದಿಗೆ ಎದೆಗೂಡೇ ನಡುಗುತ್ತಿತ್ತು. ನಾನು ಊದಿದ್ದು ನನಗೇ ನೆಟ್ಟಗೆ ಕೇಳುತ್ತಿರಲಿಲ್ಲ. ಜನ ಕೈ ಮೇಲೆತ್ತಿ ಹಾಡುತ್ತ ಕುಣಿಯುತ್ತಿದ್ದರು, ಅಜ್ಜಿಯರು ಕೂಡ. ಇದೆಲ್ಲ ನನ್ನಿಂದ ಎಂದು ಉಬ್ಬಿಹೋದೆ. ಕಣ್ಣುಮುಚ್ಚಿ ಚರಣಕ್ಕೆ ಏರಿದೆ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು, ಬಚಾವಾಗುತ್ತಿದ್ದರು. ಆದರೆ ಪೂಜೆಯ ನಡುವೆ ಕರೆಂಟ್ ಹೋದರೂ ಮಂಗಳಾರತಿ ಮುಗಿಯುವ ತನಕ ವಾದ್ಯ ನಿಲ್ಲಿಸಬಾರದೆಂಬುದು ನಮ್ಮ ಪದ್ಧತಿ. ಅದು ಮೈಗೇ ಹತ್ತಿಬಿಟ್ಟಿದೆ. ನಾನು ಊದುತ್ತಲೇ ಇದ್ದೆ. ಕತ್ತಲಲ್ಲಿ ಜನ ಬಾಯಲ್ಲೇ ಹಾಡು ಮುಂದುವರಿಸಿದ್ದರು. ಅವರು ಹಾಡುತ್ತಿದ್ದುದು ಪಲ್ಲವಿ, ಅದೂ ಬೇರೆಯೇ ಶ್ರುತಿಯಲ್ಲಿ. ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ಅಂಗಳದಲ್ಲಿ ನನ್ನ ಚರಣ ಒಂದೇ ಉಳಿಯಿತು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು.

ಡಿಜೆ ಹುಡುಗ ನನ್ನ ಮೊಣಕೈ ಹಿಡಿದು ಕಿವಿಯಲ್ಲಿ ಹೇಳಿದ: "ಹ್ವಾಯ್, ನಿಲ್ಸಿ ಮಾರ್ರೆ. ನಿಮ್ ಮೈಕ್ ಶುರುವಿಂದ್ಲೂ ಆಫ್ ಇತ್ತ್. ನಿಮ್ ಶ್ರುತಿ ನನ್ ಟ್ರ್ಯಾಕಿಗೆ ಕೂಡ್ತಿಲ್ಲೆ. ಸ್ಯಾಕ್ಸೋಫೋನ್ ರೆಕಾರ್ಡಲ್ಲೇ ಇತ್ತ್."

"ಮತ್ತೆ ನಾ ಎಂತ ಮಾಡುದ್?"

"ಊದುದ್ ಬ್ಯಾಡ. ಬರೀ ಬೆರಳ್ ಆಡ್ಸಿ, ಸಾಕ್."

ಜನರೇಟರ್ ಹತ್ತಿಕೊಂಡಿತು, ಬೆಳಕು ಬಂತು. ಮಗಳು ಮೊಬೈಲ್ ಕೆಳಗಿಳಿಸಿ ನೆಲ ನೋಡುತ್ತಿದ್ದಳು. ಅವಳ ಗೆಳತಿಯರ ನಗು ಇನ್ನೂ ನಿಂತಿರಲಿಲ್ಲ. ಆಗಲೇ ವಾದ್ಯ ಕೆಳಗಿಟ್ಟು ಬರಬೇಕಿತ್ತು. ಆದರೆ ಹಾಗೆ ಹೊರಟರೆ ಅವಳಿಗೆ ಇನ್ನೂ ಅವಮಾನ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಬಾಯಿಗಿಟ್ಟೆ, ಕೆನ್ನೆ ಉಬ್ಬಿಸಿದೆ, ಉಸಿರು ಬಿಡದೆ ಬೆರಳು ಆಡಿಸಿದೆ. ಸೊಂಟವನ್ನೂ ಸ್ವಲ್ಪ ಕುಣಿಸಿದೆ. ಹಾಳಾದ್ದು, ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಮಗಳೂ ಮತ್ತೆ ಮೊಬೈಲ್ ಎತ್ತಿ ಹಿಡಿದಳು. ಅಷ್ಟು ಸಣ್ಣವನಾಗಿ ನಾನು ಎಲ್ಲಿಯೂ ನಿಂತಿದ್ದಿಲ್ಲ.

ಮರುದಿನ ಬೆಳಿಗ್ಗೆ ನಾನು ದೇವಸ್ಥಾನಕ್ಕೆ ಹೊರಟಾಗ ಮಗಳು ಬಾಗಿಲ ತನಕ ಬಂದು ಮೊಬೈಲ್ ತೋರಿಸಿದಳು. ಮೆಹಂದಿಯ ವಿಡಿಯೊವನ್ನು ಸ್ಟೇಟಸ್‌ಗೆ ಹಾಕಿದ್ದಳು. ಲೈಟಿನಡಿ ನಾನು ಕೆನ್ನೆ ಉಬ್ಬಿಸಿ ಕುಣಿಯುತ್ತಿದ್ದೆ.

"ಕರೆಂಟ್ ಹೋದ್ದನ್ನೆಲ್ಲ ಕಟ್ ಮಾಡಿದೆ ಅಪ್ಪಯ್ಯ," ಎಂದಳು, ನನ್ನ ಮುಖ ನೋಡದೆ. "ಇನ್ ಯಾರಿಗೂ ಗೊತ್ತಾತಿಲ್ಲೆ."

ಆ ವಿಡಿಯೊದಲ್ಲಿ ನಾನು ನುಡಿಸಿದ್ದು ಕೇಳಿಸುತ್ತಿದ್ದುದು ಅವಳು ಕಟ್ ಮಾಡಿದ ಆ ತುಂಡಿನಲ್ಲಿ ಮಾತ್ರ.

"ಒಳ್ಳೇದಾಯ್ತ್ ಮಗಾ," ಎಂದೆ.